ಕನ್ಯಾ ನೋಡಲು ಬಂದವರು ಕೇಳಿದ ಜಪಾನಿ ಪಿಯಾನೊ

ಮೊನ್ನೆ ನೀವಿಬ್ಬರೂ ಫೋನಿನಲ್ಲಿ ಏನೇನೋ ಒತ್ತಿ ಒಂದು ಪಿಯಾನೊ ವಾದನವನ್ನು ಹುಡುಕಿ ತೆಗೆದಿರಿ. ಮೊದಲ ನಾಲ್ಕು ಸ್ವರ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು.

"ಇದು ಸಂಜೀ ಹಾಡು," ಎಂದೆ.

"ಅಜ್ಜಿ, ಇದರ ಹೆಸರು ಅದಲ್ಲ. ಇಲ್ಲಿ ಬರದಾರ ನೋಡು," ಎಂದು ನೀವು ನಕ್ಕಿರಿ.

ಅಲ್ಲಿ ಬರೆದದ್ದನ್ನು ನಾನು ಓದಲು ಹೋಗಲಿಲ್ಲ. ಬಾರಿಸಿದವರು ಇಟ್ಟ ಹೆಸರು ಅವರಿಗಿರಲಿ. ನಮ್ಮ ಮನೆಯಲ್ಲಿ ಅದು ಸಂಜೀ ಹಾಡು. ನಿಮ್ಮ ಅವ್ವನನ್ನು ಕನ್ಯಾ ನೋಡಲು ವರನ ಕಡೆಯವರು ಬಂದ ದಿನ ಅದು ಮಾಡಿದ ಫಜೀತಿಯನ್ನು ನಿಮಗೆ ಯಾರೂ ಹೇಳಿದಂತಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ಸಂಕೋಚ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಪುಣೆಯ ಧನಕವಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮ ಅಜ್ಜ ರಾಂಜಣಗಾಂವದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕ್ಲಾರ್ಕು. ಬೆಳಕು ಹರಿಯುವ ಹೊತ್ತಿಗೆ ಕಂಪನಿ ಬಸ್ಸು ಹಿಡಿಯಬೇಕು. ಅಷ್ಟರಲ್ಲಿ ನಾನು ರೊಟ್ಟಿ ಬಡಿದು, ಪಲ್ಯ ಮಾಡಿ ಡಬ್ಬಿ ಕಟ್ಟಿರಬೇಕು. ಒಂದು ವರ್ಷ ಅವರ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದರು. ಆ ಮನುಷ್ಯ ಕ್ಯಾಂಟೀನಿನ ಊಟ ಒಗ್ಗದೆ ಬರೀ ಮೊಸರನ್ನ ತಿಂದು ಸೊರಗುತ್ತಿದ್ದರಂತೆ. ನಿಮ್ಮ ಅಜ್ಜನಿಗೆ ಯಾರಾದರೂ ಹಸಿದಿದ್ದಾರೆಂದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ತಮ್ಮ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು, ಮೇಲೆ ಬದನೆಕಾಯಿ ಎಣ್ಣೆಗಾಯಿ ಇಟ್ಟು ಅವರ ಮುಂದೆ ಹಿಡಿದರು. ಮರುದಿನದಿಂದ ನನ್ನ ಕೆಲಸ ಹೆಚ್ಚಿತು. ಜಪಾನಿಗೂ ಸೇರಿಸಿ ರೊಟ್ಟಿ.

ಸಂಜೆ ಬಂದ ಮೇಲೆ ಅಂದಿನ ವರದಿ ಕೊಡುತ್ತಿದ್ದರು.

"ಇವತ್ತ ಸಾಹೇಬ್ರು ರಂಜಕಾ ತಿಂದ್ರು. ಕಣ್ಣಾಗ ನೀರು ಬಂದ್ವು. ಆದ್ರೂ ಬಿಡಲಿಲ್ಲ."

"ಅಷ್ಟು ಖಾರಾ ಯಾಕ ಕೊಡ್ಲಿಕ್ಕೆ ಹೋದ್ರಿ?"

"ಕೇಳಿದ್ರು, ಕೊಟ್ಟೆ. ಆಮ್ಯಾಲೆ ನಿಂತು ಬಗ್ಗಿ ನಮಸ್ಕಾರ ಮಾಡಿದ್ರು. ನನಗಲ್ಲ, ಡಬ್ಬಿಗೆ."

ಯಂತ್ರ ಕೂಡಿಸಿ ಮುಗಿಸಿ ತಮ್ಮ ದೇಶಕ್ಕೆ ಹೊರಡುವಾಗ ಆ ಸಾಹೇಬರು ನಿಮ್ಮ ಅಜ್ಜನ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ಮೇಲೆ ಒಂದು ಚಿತ್ರ: ಕನ್ನಡಕದ ಗಂಡಸೊಬ್ಬ ಪಿಯಾನೊದ ಮೇಲೆ ಎಷ್ಟು ಬಾಗಿದ್ದನೆಂದರೆ ಅದರ ಕರಿ ಬಿಳಿ ಪಟ್ಟಿಗಳ ಸಂದಿಯಲ್ಲಿ ಸೂಜಿ ಕಳೆದುಕೊಂಡವನಂತೆ. ಬರೆದದ್ದೆಲ್ಲ ಅವರ ಲಿಪಿಯಲ್ಲಿ. ಈತ ತಮ್ಮಲ್ಲಿ ದೊಡ್ಡ ಜಾಝ್ ಪಿಯಾನೊ ವಾದಕ, ಅವನು ಬಾರಿಸಿದ್ದರಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದನ್ನೆಲ್ಲ ಇದರಲ್ಲಿ ಹಾಕಿದ್ದಾರೆ ಎಂದು ಸಾಹೇಬರು ಹೇಳಿದ್ದರಂತೆ.

"ಜಾಝ್ ಅಂದ್ರ ಏನ್ರಿ?" ಎಂದು ನಾನು ಕೇಳಿದೆ.

"ಅದೊಂದು ನಮೂನಿ ಸಂಗೀತ. ಮೊದಲ ಒಂದು ಧಾಟಿ ಹಿಡೀತಾರಂತ. ಆಮ್ಯಾಲೆ ಮನಸ್ಸು ಬಂದ ಕಡೆ ಹೋಗ್ತಾರಂತ. ಕಡೀಕ ತಿರುಗಿ ಅಲ್ಲೇ ಬರ್ತಾರಂತ."

"ಹಂಗಾರ ನೀವು ಕಾಯಿಪಲ್ಯಾ ತರಲಿಕ್ಕೆ ಹೋದಂಗ ಆತು."

ನಿಮ್ಮ ಅಜ್ಜ ಇದ್ದಿದ್ದರೆ ಇಲ್ಲಿ ಅಡ್ಡಬಾಯಿ ಹಾಕಿ, "ನೀ ಹಂಗ ಅಂದೇ ಇಲ್ಲ, ಅಷ್ಟು ಮಾತು ನಿನಗೆಲ್ಲಿ ಬರ್ತಾವ" ಎನ್ನುತ್ತಿದ್ದರು. ಅಂದಿದ್ದೆ. ಮನೆಯೊಳಗೆ ನನಗೆ ಮಾತು ಬರುತ್ತಿತ್ತು. ಹೊಸ್ತಿಲ ಆಚೆಗೆ ಹೋದರೆ ನಾಲಿಗೆ ಅಂಟಿಕೊಳ್ಳುತ್ತಿತ್ತು, ಅಷ್ಟೇ.

ಲಿಪಿ ಓದಲು ಬಾರದ್ದರಿಂದ ಹಾಡುಗಳಿಗೆ ನಾವೇ ಹೆಸರಿಟ್ಟೆವು. ಮೊದಲನೆಯದು ಶುರುವಾಗುವಾಗ ತಪ್ ತಪ್ ತಪ್ ಎಂದು ಕಲ್ಲಿನ ಮೇಲೆ ಹಿಟ್ಟು ಬಡಿದ ಹಾಗೆ ಕೇಳುತ್ತಿತ್ತು. ಅದು ರೊಟ್ಟೀ ಹಾಡಾಯಿತು. ಅದನ್ನು ಹಚ್ಚಿದರೆ ನನ್ನ ಕೈ ತನ್ನಷ್ಟಕ್ಕೆ ಅದರ ಹಿಂದೆ ಓಡುತ್ತಿತ್ತು. ನಡುವೆ ಆ ಮನುಷ್ಯ ಒಮ್ಮೆಲೇ ಜೋರು ಹಿಡಿದರೆ ನನ್ನ ರೊಟ್ಟಿಯ ಅಂಚು ಹರಿಯುತ್ತಿತ್ತು. ಇನ್ನೊಂದು ಮಳೆಯ ಹನಿಯಿಂದ ಶುರುವಾಗಿ, ರೈಲು ಗಾಡಿ ಗುಡ್ಡದ ಬೋಗದೆಯೊಳಗೆ ನುಗ್ಗಿದಂತೆ ಗುಡುಗುಡು ಎಂದು, ಮತ್ತೆ ಬಯಲಿಗೆ ಬರುತ್ತಿತ್ತು. ಅದಕ್ಕೆ ಮುಂಬಯಿ ದಾರಿಯ ಘಟ್ಟದ ಊರಿನ ಹೆಸರು, ಲೋಣಾವಳಾ. ಒಂದಕ್ಕೆ ನಿಮ್ಮ ಅಜ್ಜ ತಲಿನೋವು ಎಂದು ಹೆಸರಿಟ್ಟಿದ್ದರು. ಕೂಸನ್ನು ಎತ್ತಿ ಪಿಯಾನೊದ ಮೇಲೆ ಕೂರಿಸಿದಂತೆ ಎಲ್ಲ ಕಡೆಯಿಂದ ಸದ್ದು. ಜಪಾನಿನ ಜನ ಇದನ್ನು ಹೇಗೆ ಮೆಚ್ಚಿದರೋ ಎಂದು ಅವರು ಪ್ರತಿ ಸಲವೂ ಆಶ್ಚರ್ಯಪಟ್ಟು ಟೇಪನ್ನು ಮುಂದಕ್ಕೆ ಓಡಿಸುತ್ತಿದ್ದರು. ಸಂಜೀ ಹಾಡು ಎರಡನೆಯ ಬದಿಯಲ್ಲಿತ್ತು. ನಿಧಾನ, ಮೆತ್ತಗೆ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಅವ್ವ ಅದನ್ನೇ ಹಾಕುತ್ತಿದ್ದಳು.

ನಿಮ್ಮ ಅವ್ವ ಆಗ ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಸಂಜೆ ಒಬ್ಬ ಮರಾಠಿ ಸಂಗೀತ ಶಿಕ್ಷಕಿ, ಬಾಯಿಯವರ ಹತ್ತಿರ ಪೇಟಿ ಕಲಿಯಲು ಹೋಗುತ್ತಿದ್ದಳು. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎಂದೇ ಅನ್ನುವುದು. ಒಮ್ಮೆ ಕಿವಿಗೆ ಬಿದ್ದದ್ದು ಅವಳ ಬೆರಳಿಗೆ ಬರುತ್ತಿತ್ತು. ಸಂಜೀ ಹಾಡನ್ನು ಯಾರೂ ಹೇಳಿಕೊಡದೆ ಪೇಟಿಯ ಮೇಲೆ ಹಿಡಿದಳು. ಬಾಯಿಯವರು ಕೇಳಿ, "ಅಗಂ, ಹಾ ತರ ದುರ್ಗಾ ರಾಗ!" ಎಂದರಂತೆ. ಜಪಾನಿನವನಿಗೆ ನಮ್ಮ ದುರ್ಗಾ ರಾಗ ಯಾರು ಕಲಿಸಿದರೋ ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಅವಳು ಪೇಟಿಗೆ ಕೂತರೆ ಮೊದಲು ಬೆರಳು ಸಡಿಲ ಮಾಡಿಕೊಳ್ಳಲು ಅದನ್ನೇ ಬಾರಿಸುತ್ತಿದ್ದಳು. ಆಮೇಲೆ ಉಳಿದದ್ದು.

ಇಷ್ಟಾಗುವಾಗ ಅವಳಿಗೆ ವರಗಳನ್ನು ನೋಡುತ್ತಿದ್ದೆವು. ಬಂದವರಿಗೆಲ್ಲ ಒಂದಿಲ್ಲೊಂದು ಕೊಂಕು ತೆಗೆದು ಬೇಡವೆನ್ನುತ್ತಿದ್ದಳು. ಬೆಳಗಾವಿಯಿಂದ ಒಂದು ಸಂಬಂಧ ಬಂತು. ಹುಡುಗ ಪುಣೆಯಲ್ಲೇ ಕೆಲಸದಲ್ಲಿದ್ದ. ಕನ್ನಡಿಗರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ಅವನು ಇವಳಿಗೆ ಎರಡು ಸಲ ಹೋಳಿಗೆ ಬಡಿಸಿದ್ದ. ಆ ಸಂಬಂಧದ ಸುದ್ದಿ ತೆಗೆದಾಗ ನಿಮ್ಮ ಅವ್ವ ಕೊಂಕು ತೆಗೆಯಲಿಲ್ಲ. ತಾನೇ ಸೀರೆಗೆ ಇಸ್ತ್ರಿ ಮಾಡಿ ಇಟ್ಟುಕೊಂಡಳು. ಅವಳ ಮನಸ್ಸು ಅಲ್ಲಿದೆ ಎಂದು ನನಗೆ ತಿಳಿಯಲು ಅಷ್ಟು ಸಾಕಾಯಿತು. ಈ ಸಂಬಂಧ ತಪ್ಪಬಾರದೆಂದು ನಾನು ದೇವರಿಗೆ ತುಪ್ಪದ ದೀಪ ಹರಸಿಕೊಂಡೆ.

ಹುಡುಗನ ತಂದೆ ಮಾತ್ರ ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ ಎಂದು ಸುದ್ದಿ. ನಿವೃತ್ತ ಮಾಸ್ತರರು. ದಾಸರ ಪದಗಳೆಂದರೆ ಪ್ರಾಣ. ಕನ್ಯಾ ನೋಡಲು ಹೋದಲ್ಲೆಲ್ಲ ಹುಡುಗಿಯಿಂದ ಒಂದು ದಾಸರ ಪದ ಹಾಡಿಸಿಯೇ ಏಳುವವರಂತೆ. ನಿಮ್ಮ ಅವ್ವ ಒಂದು ಪದವನ್ನು ಚೆನ್ನಾಗಿ ತಯಾರು ಮಾಡಿಕೊಂಡಳು. ಆದರೆ ಅವರು ಬರುವ ಭಾನುವಾರಕ್ಕೆ ಮುಂಚೆ ಗ್ರಂಥಾಲಯದ ಗೆಳತಿಯರ ಜೊತೆ ಲೋಣಾವಳಾಕ್ಕೆ ಹೋಗಿ, ಮಳೆಯಲ್ಲಿ ನೆನೆದು, ಚಿಕ್ಕಿ ಪೊಟ್ಟಣದ ಜೊತೆ ನೆಗಡಿಯನ್ನೂ ಹೊತ್ತು ತಂದಳು. ಶನಿವಾರ ಗಂಟಲಿಂದ ಸ್ವರವೇ ಹೊರಡಲಿಲ್ಲ.

"ಬರಬ್ಯಾಡ್ರಿ ಅಂತ ಫೋನ್ ಮಾಡ್ಲೇನು?" ಎಂದರು ನಿಮ್ಮ ಅಜ್ಜ.

ನಿಮ್ಮ ಅವ್ವ ಎರಡೂ ಕೈ ಆಡಿಸಿ ಬೇಡ ಬೇಡ ಎಂದಳು. ಬೆರಳಿನಿಂದ ಗಾಳಿಯಲ್ಲಿ ಪೇಟಿ ಬಾರಿಸಿ ತೋರಿಸಿದಳು. ಹಾಡಲು ಆಗದಿದ್ದರೆ ಆ ಪದವನ್ನೇ ಬಾರಿಸುತ್ತೇನೆ ಎಂದರ್ಥ.

ಭಾನುವಾರ ಅವರು ಬಂದರು: ಹುಡುಗ, ತಾಯಿ, ತಂದೆ. ನಾನು ಶಿರಾ, ಅವಲಕ್ಕಿ ಕೊಟ್ಟು ಪರದೆಯ ಹಿಂದೆ ಅಡುಗೆಮನೆಯ ಬಾಗಿಲಿಗೆ ಆತು ನಿಂತೆ. ಹೊರಗಿನ ಗಂಡಸರು ಬಂದರೆ ಅದೇ ನನ್ನ ಜಾಗ. ಹುಡುಗನ ತಂದೆ, ಆ ಹಿರಿಯರು, ಅವಲಕ್ಕಿಯನ್ನು ಒಂದು ಕಾಳು ಬಿಡದೆ ತಿಂದು, ಕೈ ತೊಳೆದು, "ತಂಗಿ, ಒಂದು ದೇವರ ನಾಮ ಆಗ್ಲಿ," ಎಂದರು.

"ಗಂಟಲು ಕೂತದ ರೀ. ಪೇಟಿ ಬಾರಸ್ತಾಳ," ಎಂದರು ನಿಮ್ಮ ಅಜ್ಜ.

"ಆಗ್ಲಿ. ಪೇಟಿನ ಬಾರ್ಸವಾ."

ನಿಮ್ಮ ಅವ್ವ ಕೂತಳು. ಎಂದಿನಂತೆ ಬೆರಳು ಸಡಿಲ ಮಾಡಿಕೊಳ್ಳಲು ಸಂಜೀ ಹಾಡಿನ ನಾಲ್ಕು ಸ್ವರ ಹಿಡಿದಳು. ಅಷ್ಟು ಬಾರಿಸಿ, ನಿಲ್ಲಿಸಿ, ಆಮೇಲೆ ಪದ ತೆಗೆದುಕೊಳ್ಳುವುದು ಅವಳ ವಿಚಾರ. ಆದರೆ ಹಿರಿಯರು ಆಗಲೇ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಿ, "ಆಹಾ!" ಎಂದುಬಿಟ್ಟರು. ಆಹಾ ಎಂದವರ ಮುಂದೆ ನಿಲ್ಲಿಸುವುದು ಹೇಗೆ? ಅವಳು ಹುಬ್ಬೆತ್ತಿ ಪರದೆಯ ಕಡೆ ನೋಡಿದಳು. ನಾನು ಪರದೆಯ ಹಿಂದೆ ಏನು ಮಾಡಲಿ? ಅವಳು ಪೂರ್ತಿ ಬಾರಿಸಿ ಮುಗಿಸಿದಳು.

"ಅಂತಃಕರಣ ಕರಗಿಸೋ ಹಂಥಾದ್ದು," ಎಂದರು ಹಿರಿಯರು ಕಣ್ಣು ತೆರೆದು. "ಯಾವ ದಾಸರದ್ರೀ ಇದು?"

ನಿಮ್ಮ ಅಜ್ಜ ಎಂಥವರೆಂದು ನಿಮಗೆ ಗೊತ್ತು. ಬಂದವರ ಮುಖ ಸಣ್ಣದಾಗುವುದನ್ನು ಅವರು ಸಹಿಸುತ್ತಿರಲಿಲ್ಲ. ಇದು ದಾಸರದಲ್ಲ ಎಂದರೆ ತಾಳ ಹಾಕಿದ ಮನುಷ್ಯನಿಗೆ ಮುಜುಗರವಾಗುತ್ತದೆ ಎಂದು ಅವರಿಗನ್ನಿಸಿತು.

"ಹಳೀ ಪದಾ ರೀ. ನಮ್ಮ ಕಡೆ ಹಾಡ್ತಾರ."

"ನಿಮ್ಮ ಕಡೆ ಅಂದ್ರ?"

"ಅಲ್ಲೇ... ಧಾರವಾಡದ ಕಡೆ."

"ನಾ ಧಾರವಾಡದಾಗ ಕಲ್ತಾಂವ. ಕೇಳಿಲ್ಲಲ್ಲ?"

"ಸ್ವಲ್ಪ ಒಳಗಿನ ಹಳ್ಳಿ ಕಡೆ ರೀ."

"ಭಾಳ ಛಲೋ ಆತು. ಸಾಹಿತ್ಯ ಹೇಳ್ರಿ, ಬರಕೋತೀನಿ," ಎಂದು ಹಿರಿಯರು ಅಂಗಿಯ ಕಿಸೆಯಿಂದ ಪೆನ್ನು ತೆಗೆದರು.

ನಿಮ್ಮ ಅಜ್ಜ ಗಂಟಲು ಸರಿಪಡಿಸಿಕೊಂಡರು. ಮೇಲೆ ಜಂತಿಯ ಕಡೆ ನೋಡಿದರು. "ಕರುಣಾ..." ಎಂದು ಶುರು ಮಾಡಿದರು. ಮುಂದಿನ ಶಬ್ದ ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಈಗ ಪಲ್ಲವಿ ಕಟ್ಟುತ್ತಾರೆ, ಆಮೇಲೆ ಚರಣ, ಕೊನೆಗೆ ಯಾವುದೋ ದಾಸರ ಅಂಕಿತ ಹಾಕುತ್ತಾರೆ, ಈ ಮನುಷ್ಯ ಅದನ್ನು ಬರೆದುಕೊಂಡು ಬೆಳಗಾವಿಗೆ ಹೋಗಿ ನಾಲ್ಕು ಜನರ ಮುಂದೆ ಓದುತ್ತಾರೆ. ಅಲ್ಲಿಗೆ ನಮ್ಮ ಹುಡುಗಿಯ ಕತೆ ಮುಗಿಯಿತು. ನನ್ನ ಕೈ ಪರದೆಯನ್ನು ಯಾವಾಗ ಸರಿಸಿತೋ ಗೊತ್ತಾಗಲಿಲ್ಲ.

"ಅದು ದಾಸರ ಪದಾ ಅಲ್ರಿ," ಎಂದೆ. "ಜಪಾನದವರದು."

ಎಲ್ಲರೂ ನನ್ನ ಕಡೆ ತಿರುಗಿದರು. ನಿಮ್ಮ ಅಜ್ಜನಿಗಂತೂ ಗೋಡೆಯೇ ಮಾತಾಡಿದಷ್ಟು ಆಶ್ಚರ್ಯ.

"ಯಾರದು?" ಎಂದರು ಹಿರಿಯರು.

"ಜಪಾನದವರದು ರೀ. ಪಿಯಾನೊ. ಟೇಪ್ ಅದ."

ಹುಡುಗ ಫಕ್ಕನೆ ನಕ್ಕ. "ಅಪ್ಪಾ, ನೀವು ತಾಳಾ ಬ್ಯಾರೆ ಹಾಕಿದ್ರಿ!"

"ಏ, ಸುಮ್ಮ ಕೂಡೋ," ಎಂದು ತಾಯಿ ಅವನ ಮೊಣಕೈ ಚಿವುಟಿದರು. ಆದರೆ ಅವರ ತುಟಿಯೂ ಅದುರುತ್ತಿತ್ತು.

ಹಿರಿಯರು ಪೆನ್ನನ್ನು ಕಿಸೆಗೆ ಸೇರಿಸಿದರು. "ಟೇಪ್ ಹಚ್ರಿ ನೋಡೋಣ," ಎಂದರು. ದನಿಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ.

ನಿಮ್ಮ ಅಜ್ಜ ಗಡಿಬಿಡಿಯಲ್ಲಿ ಕ್ಯಾಸೆಟ್ಟನ್ನು ತಿರುವುಮುರುವು ಹಾಕಿದರು. ಗುಂಡಿ ಒತ್ತಿದ್ದೇ ತಡ, ಮನೆಯ ತುಂಬ ತಲಿನೋವು! ಹಿರಿಯರು ಅಲುಗದೆ ಸ್ವಲ್ಪ ಹೊತ್ತು ಕೇಳಿದರು.

"ಇದಕ್ಕ ನಾ ತಾಳಾ ಹಾಕಿದ್ನೇನು?"

"ಅಲ್ರಿ, ಅಲ್ರಿ, ಇನ್ನೊಂದು ಬಾಜು," ಎಂದು ನಿಮ್ಮ ಅಜ್ಜ ಬೆವರು ಒರೆಸಿಕೊಂಡರು.

ಸಂಜೀ ಹಾಡು ಶುರುವಾಯಿತು. ಹಿರಿಯರ ಕೈ ಮತ್ತೆ ತೊಡೆಯ ಮೇಲೆ ಬಂತು. ನಾಲ್ಕು ಆವರ್ತ ಆದ ಮೇಲೆ ಪಿಯಾನೊದ ಮನುಷ್ಯ ಎಂದಿನಂತೆ ಧಾಟಿ ಬಿಟ್ಟು ಹೊರಟ. ಪೇಟಿಯ ಮೇಲೆ ನಿಮ್ಮ ಅವ್ವ ಈ ಭಾಗ ಬಾರಿಸುತ್ತಿರಲಿಲ್ಲ. ಹಿರಿಯರು ಕಣ್ಣು ತೆರೆದು ಸೀದಾ ನನ್ನನ್ನೇ ನೋಡಿದರು.

"ಪಲ್ಲವಿ ಬಿಟ್ಟು ಎಲ್ಲಿ ಹೋದನ್ರಿ ಇಂವ?"

"ಬರ್ತಾರ್ರಿ," ಎಂದೆ.

"ಭಾಳ ದೂರ ಹೋದ."

"ಬರ್ತಾರ್ರಿ. ದಿನಾ ಬರ್ತಾರ."

ಅವತ್ತು ಆತ ಎಷ್ಟು ಸುತ್ತು ಹಾಕಿದನೆಂದರೆ ನನಗೇ ಅನುಮಾನ ಬಂತು. ಕೊನೆಗೆ ಎಡಗೈಯಿಂದ ಒಂದು ಸ್ವರ, ಬಲಗೈಯಿಂದ ಒಂದು, ಚಪ್ಪಲಿ ಬಿಟ್ಟು ಒಳಗೆ ಬಂದವನಂತೆ ಮೆತ್ತಗೆ ಧಾಟಿಗೆ ಬಂದ. ಹಿರಿಯರು "ಹೂಂ" ಎಂದರು.

ಏಳುವಾಗ ಮಾತ್ರ ನಿಮ್ಮ ಅಜ್ಜನ ಮುಂದೆ ನಿಂತರು. "ಜಪಾನದ್ದು ಅಂದ್ರ ಏನೂ ಆಗ್ತಿರಲಿಲ್ರಿ. ದಾಸರದು ಅನ್ನಬಾರದಿತ್ತು," ಎಂದರು. ನಿಮ್ಮ ಅಜ್ಜ ತಲೆ ತಗ್ಗಿಸಿದರು. ಹಿರಿಯರು ಒಪ್ಪಿಗೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ತಿಳಸ್ತೀವಿ," ಎಂದು ಮೆಟ್ಟಿಲಿಳಿದರು. ಹುಡುಗ ಕೊನೆಯ ಮೆಟ್ಟಿಲಿನಿಂದ ಒಮ್ಮೆ ಹಿಂತಿರುಗಿ ನೋಡಿದ. ಪಾಪ, ಅವನ ನಗುವೂ ಇಳಿದಿತ್ತು.

ಅವರು ಹೋದ ಮೇಲೆ ನಿಮ್ಮ ಅಜ್ಜ ನನ್ನ ಮೇಲೆ ಹರಿಹಾಯ್ದರು. "ನೀ ಸುಮ್ಮನಿದ್ದರ ನಾ ಹೆಂಗರೆ ಸಂಭಾಳಸ್ತಿದ್ದೆ."

ನಿಮ್ಮ ಅವ್ವ ಕೂತ ಗಂಟಲಿನಿಂದಲೇ, "ಏನ್ ಸಂಭಾಳಸ್ತಿದ್ರಿ ಅಪ್ಪಾ? ಕರುಣಾ ಆದ ಮ್ಯಾಲೆ ಏನಿತ್ತು, ಹೇಳ್ರಿ," ಎಂದಳು.

ಅವರು ಬಹಳ ಹೊತ್ತು ಯೋಚಿಸಿ, "ಕರುಣಾಸಾಗರಾ ಅಂತಿದ್ದೆ," ಎಂದರು. ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ನಿಮ್ಮ ಅವ್ವ ಒಳಗೆ ಹೋಗಿ ಸೀರೆ ಬದಲಿಸಿದಳು. ಅದನ್ನು ಮಡಿಚುತ್ತ ಅಂಚಿಗೆ ಅಂಚು ಕೂಡಿಸಿ, ಬಿಚ್ಚಿ, ಮತ್ತೆ ಕೂಡಿಸಿದಳು. ಆ ವಾರ ದೀಪ ಹಚ್ಚುವ ಹೊತ್ತಿಗೆ ಟೇಪು ಹಚ್ಚಲಿಲ್ಲ. ನಾನೂ ಹಚ್ಚು ಎನ್ನಲಿಲ್ಲ. ನಿಮ್ಮ ಅಜ್ಜ ಬೆಳಗಾವಿಗೆ ತಾವೇ ಫೋನ್ ಮಾಡಿ ಕ್ಷಮೆ ಕೇಳಲು ಎರಡು ಸಲ ಎಸ್‌ಟಿಡಿ ಬೂತಿನವರೆಗೆ ಹೋಗಿ, ಎರಡು ಸಲವೂ ಕೊತ್ತಂಬರಿ ತೆಗೆದುಕೊಂಡು ಬಂದರು.

ಫೋನು ಬಂದದ್ದು ಒಂದು ಮಧ್ಯಾಹ್ನ. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಮರಾಠಿ ಕಾಕೂ ಅವರ ಮನೆಯಲ್ಲಿತ್ತು. "ಅಹೋ, ಬೆಳಗಾವಹೂನ್ ಫೋನ್ ಆಲಾಯ್! ಲವಕರ್ ಯಾ!" ಬೆಳಗಾವಿಯ ಫೋನು, ಬೇಗ ಬನ್ನಿ ಎಂದು ಕಾಕೂ ಗ್ಯಾಲರಿಯಿಂದ ಕೂಗಿದರು. ಮನೆಯಲ್ಲಿ ನಾನೊಬ್ಬಳೇ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಓಡಿದೆ.

"ಅವರು ಮನ್ಯಾಗಿಲ್ರಿ. ಕಂಪನಿಗೆ ಹೋಗ್ಯಾರ," ಎಂದು ಫೋನು ಎತ್ತಿದೊಡನೆ ಹೇಳಿದೆ. ಅಷ್ಟು ಹೇಳಿ ಇಟ್ಟುಬಿಡಬಹುದು ಎಂದು ನನ್ನ ಲೆಕ್ಕ.

"ಗೊತ್ತದ ರೀ. ನಿಮ್ಮ ಕಡೇನ ಮಾತಾಡೂದದ," ಎಂದರು ಹಿರಿಯರು. "ಆ ಜಪಾನಿ ತಲ್ಯಾಗ ಬಂದು ಕೂತಾನ್ರಿ. ಸಂಧ್ಯಾವಂದನಿಗೆ ಕೂತ್ರೂ ಅವನ, ಕಾಯಿಪಲ್ಯಾ ಹೆಚ್ಚಿದ್ರೂ ಅವನ. ನಮ್ಮಾಕಿ ಬೈಲಿಕ್ಹತ್ಯಾಳ."

ನಾನು "ಹೂಂ ರೀ" ಎಂದೆ.

"ಕಡೀಕ ಒಂದು ದಾಸರ ಪದಾ ತಗೊಂಡು ಆ ಧಾಟಿಗೆ ಕೂಡಿಸಿ ನೋಡಿದೆ. ಎರಡು ಸಾಲು ಬರೋಬ್ಬರಿ ಕೂತಾವ. ಮೂರನೇ ಸಾಲಿಗೆ ತಾಳ ತಪ್ಪತದ. ಅಲ್ಲಿ ನಿಮ್ಮ ಜಪಾನಿ ಒಂದು ಮಾತ್ರಿ ನುಂಗ್ಯಾನ."

"ನನಗ ತಾಳ ತಿಳಿಯೂದಿಲ್ರಿ. ಮಗಳಿಗೆ ಗೊತ್ತಿರ್ತದ."

"ಅದಕ್ಕ ಫೋನ್ ಮಾಡೀನಿ. ಆಕಿ ನಮ್ಮ ಮನಿಗೆ ಬಂದ ಮ್ಯಾಲೆ ಕೂತು ಸರಿ ಮಾಡೋಣಂತ. ಬರೂವಾಗ ಪೇಟಿ ತರಲಿಕ್ಕೆ ಹೇಳ್ರಿ. ನಮ್ಮಲ್ಲಿಲ್ಲ." ಕೊನೆಗೆ ಕೇಳಿದರು, "ಏನಂತೀರಿ, ಬೀಗತಿಯವರ?"

ಬೀಗತಿ ಎಂದ ಶಬ್ದ ಕಿವಿಯಿಂದ ಎದೆಗೆ ಇಳಿಯಲು ನನಗೆ ಹೊತ್ತು ಹಿಡಿಯಿತು. ಕಾಕೂ ಅವರ ಗೋಡೆಯ ಗಡಿಯಾರ ನೋಡುತ್ತ ನಿಂತುಬಿಟ್ಟೆ.

"ಇದ್ದೀರೇನ್ರಿ?"

"ಇದ್ದೀನ್ರಿ. ಪೇಟಿ ಕಳಸ್ತೀವ್ರಿ," ಎಂದೆ.

"ಮತ್ತ ನಮ್ಮ ಬೀಗರಿಗೆ ಹೇಳ್ರಿ, ಒಳಗಿನ ಹಳ್ಳಿ ಪದಾ ಇನ್ನ ಬ್ಯಾಡ," ಎಂದು ಅವರು ದೊಡ್ಡದಾಗಿ ನಕ್ಕರು. ಆ ನಗು ಫೋನಿನಿಂದ ಹೊರಬಂದು ಕಾಕೂ ಅವರಿಗೂ ಕೇಳಿಸಿತು. ಅವರು "ಝಾಲಂ ಕಾ?" ಕೂಡಿ ಬಂತೇ ಎಂದು ಕಣ್ಣರಳಿಸಿ, ನಾನು ತಲೆಯಾಡಿಸಿದ್ದೇ ತಡ, ಡಬ್ಬಿಯಿಂದ ಚಿಟಿಕೆ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದರು.

ಸಂಜೆ ನಿಮ್ಮ ಅವ್ವ ಕೆಲಸದಿಂದ ಬಂದು ಚೀಲ ಇಳಿಸಿದಳು. ಆ ವಾರವೆಲ್ಲ ಕೇಳಿದಂತೆ, ನನ್ನ ಮುಖ ನೋಡದೆ, "ಫೋನೇನರೆ ಬಂದಿತ್ತೇನವಾ?" ಎಂದಳು.

"ಬಂದಿತ್ತು."

"ಏನಂದ್ರು?"

"ಸಂಜೀ ಹಾಡಿನ್ಯಾಗ ಒಂದು ಮಾತ್ರಿ ಕಡಿಮಿ ಬೀಳ್ತದಂತ."

"ಕಡಿಮಿ ಹೆಂಗ ಬೀಳ್ತದ? ಯಾವ ಸಾಲಿನ್ಯಾಗ?" ಎಂದು ಅವಳು ಹುಬ್ಬು ಗಂಟಿಕ್ಕಿ ಬೆರಳ ಮೇಲೆ ಎಣಿಸತೊಡಗಿದಳು.

"ಮೂರನೇದ್ರಾಗ. ನೀ ಅವರ ಮನಿಗೆ ಹೋದ ಮ್ಯಾಲೆ ಸರಿ ಮಾಡಬೇಕಂತ."

ಎಣಿಸುತ್ತಿದ್ದ ಹೆಬ್ಬೆರಳು ನಡುಬೆರಳಿನ ಮೇಲೆ ನಿಂತಿತು. ಅವಳು ಮುಖ ಎತ್ತಿದಳು.